‘ಕ್ರಾಸಿಂಗ್’ ನಾಮಮೀಮಾಂಸೆ: ಗುಂಜಿ ನಿಲ್ದಾಣದಲ್ಲಿ ನಿಂತ ಒಂದು ಆಟಕ್ಕೆ ಕರ್ತೃವೇ ಬರೆದ ವ್ಯಾಖ್ಯಾನ

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಬರೆದು, ಅವುಗಳ ವೃತ್ತಿಯನ್ನೂ ತಾನೇ ಬರೆದ. ಇದಕ್ಕೆ ವಿದ್ವಾಂಸರು ಘನವಾದ ಕಾರಣಗಳನ್ನು ಕೊಡಬಹುದು. ಈ ವ್ಯಾಖ್ಯಾನಕಾರನಿಗೆ ಹೊಳೆಯುವ ಕಾರಣ ಒಂದೇ. ಬೇರೆ ಯಾರಾದರೂ ಬರೆದಾರು ಎಂದು ಕಾದು ಕೂರುವಷ್ಟು ನಂಬಿಕೆ ಅವನಿಗೆ ಲೋಕದ ಮೇಲೆ ಇರಲಿಲ್ಲ. ಆ ಮಾರ್ಗವನ್ನೇ ಹಿಡಿದು, ‘ಕ್ರಾಸಿಂಗ್’ ಎಂಬ ಅಕ್ಷರದಾಟಕ್ಕೆ ಅದರ ಕರ್ತೃವೇ ವ್ಯಾಖ್ಯಾನ ಬರೆಯಲು ಕೂತಿದ್ದಾನೆ. ಕರ್ತೃ ಮತ್ತು ವ್ಯಾಖ್ಯಾನಕಾರ ಒಂದೇ ಅಂಗಿಯೊಳಗೆ ವಾಸಿಸುವವರಾದರೂ ಹಲವು ಕಡೆ ಅವರಿಗೆ ಒಮ್ಮತವಿಲ್ಲ. ಈವರೆಗೆ ಆಟ ಆಡಿದವರು ಮೂವರು. ವ್ಯಾಖ್ಯಾನದ ಓದುಗರು ಇದಕ್ಕಿಂತ ಹೆಚ್ಚಾದರೆ ಅದು ಶಾಸ್ತ್ರದ ವಿಜಯ.

ಅಕ್ಷರದಾಟವೆಂದರೆ ಚಿತ್ರವಿಲ್ಲದ, ಸದ್ದಿಲ್ಲದ, ಬಂದೂಕಿಲ್ಲದ ಗಣಕದ ಆಟ. ಪರದೆ ಒಂದು ಸಾಲು ಹೇಳುತ್ತದೆ, ಆಡುವವರು ಒಂದು ಸಾಲು ಟೈಪ್ ಮಾಡುತ್ತಾರೆ, ಪರದೆ ‘ತಿಳೀಲಿಲ್ಲ’ ಎನ್ನುತ್ತದೆ. ಹೀಗೆ ಮುಂದುವರಿಯುತ್ತದೆ. ಆಡುವವರ ಸಾಲನ್ನು ಬಿಡಿಸಿ ಓದುವ ಭಾಗಕ್ಕೆ ಪಾರ್ಸರ್ ಎಂದು ಹೆಸರು. ವ್ಯಾಖ್ಯಾನಕಾರ ಇದಕ್ಕೆ ‘ವಾಕ್ಯವಿಚ್ಛೇದಕಯಂತ್ರ’ ಎಂಬ ಪದವನ್ನು ಟಂಕಿಸಿದ್ದ. ಕರ್ತೃ ಅದನ್ನು ‘ಗಾರ್ಡ್‌ಸಾಹೇಬ’ ಎಂದು ಕರೆದು ಸುಮ್ಮನಾದ, ಯಾಕೆಂದರೆ ಆಟ ನಡೆಯುವುದು ರೈಲಿನಲ್ಲಿ.

ಕಥಾವಸ್ತು ಹೀಗಿದೆ. ಲೋಂಡಾ ಬಿಟ್ಟ ಪ್ಯಾಸೆಂಜರ್ ಗಾಡಿ ಗುಂಜಿಯಲ್ಲಿ ನಿಂತಿದೆ. ಖಾನಾಪುರ, ಇದಲಹೊಂಡ, ದೇಸೂರು, ಬೆಳಗಾವಿ ಎಲ್ಲ ಇನ್ನೂ ಮುಂದಿವೆ. ಯಾಕೆ ನಿಂತಿದೆ ಎಂದು ಕೇಳಿದರೆ ಎದುರಿನ ಸೀಟಿನವರು ಕಣ್ಣು ತೆರೆಯದೆಯೇ “ಕ್ರಾಸಿಂಗ್ ಐತಿ” ಎನ್ನುತ್ತಾರೆ, ಎಂದರೆ ಎದುರು ಬರುವ ಗಾಡಿ ದಾಟಿಹೋಗುವ ತನಕ ಕಾಯಬೇಕು. ನಿಮ್ಮ ಹತ್ತಿರ ಒಂದು ಕಂದೀಲು, ಒಂದು ಚಾದರ, ಅರ್ಧ ಕಿಲೋ ಕುಂದಾ. ಇಳಿದು ಸುತ್ತಾಡಿ, ಗಾಡಿ ಬಿಡುವುದರೊಳಗೆ ಮರಳಿ ಬರಬೇಕು. ಗಾಡಿ ಯಾವಾಗ ಬಿಡುತ್ತದೆ ಎಂಬುದನ್ನು ಆಟ ಹೇಳುವುದಿಲ್ಲ. ಜೋಡಿ ಹಳಿ ಇಲ್ಲದ ಕಾಲದಲ್ಲಿ ಆ ದಾರಿಯಲ್ಲಿ ಓಡಾಡಿದವರಿಗೆ ಇದು ಆಟ ಅನ್ನಿಸುವುದಿಲ್ಲ, ಅನ್ಯಾಯ ಅನ್ನಿಸುತ್ತದೆ. ಅಷ್ಟರ ಮಟ್ಟಿಗೆ ವಾಸ್ತವಿಕತೆ ಸಾಧಿಸಲಾಗಿದೆ.

ಮೊದಲ ಸೂತ್ರ: ಹೆಸರಿಲ್ಲದ ಕೋಣೆಗೆ ಬಾಗಿಲಿಲ್ಲ.

ವೃತ್ತಿ: ಚಿತ್ರದ ಆಟದಲ್ಲಿ ಮರ ಬರೆದರೆ ಮರ ಇರುತ್ತದೆ. ಅಕ್ಷರದಾಟದಲ್ಲಿ ಮರಕ್ಕೆ ಏನೆನ್ನುತ್ತೇವೆ ಎಂದು ತೀರ್ಮಾನವಾಗುವ ತನಕ ಮರವೇ ಹುಟ್ಟುವುದಿಲ್ಲ. ಆದ್ದರಿಂದ ಇಲ್ಲಿ ಸೃಷ್ಟಿಕಾರ್ಯವೆಲ್ಲ ನಾಮಕರಣವೇ. ತೊಟ್ಟಿಲು ತೂಗುವ ಕೆಲಸ ಎಂದರೂ ತಪ್ಪಿಲ್ಲ.

ಆಟಕ್ಕೆ ಮೊದಲು ಇಟ್ಟ ಹೆಸರು ‘ಗುಂಜಿ’. ಗುಂಜಿ ಎಂದರೆ ಗುಲಗಂಜಿ, ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಕೆಂಪು ಮೈ ಕಪ್ಪು ಮೂತಿಯ ಬೀಜ. ಒಂದರ ತೂಕ ಸುಮಾರು 120 ಮಿಲಿಗ್ರಾಂ. ಊರಿಗೆ ಈ ಬೀಜದಿಂದಲೇ ಹೆಸರು ಬಂತೆಂದು ಸಾಧಿಸಲು ವ್ಯಾಖ್ಯಾನಕಾರ ತೋಳೇರಿಸಿದ್ದ. ಆಧಾರವಿಲ್ಲ ಎಂದು ಕರ್ತೃ ಅವನನ್ನು ಕೂರಿಸಿದ. ಅಷ್ಟರಲ್ಲಿ ಬೇರೊಂದು ತೊಡಕು ಎದ್ದಿತು. ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯಲ್ಲಿ, ಕೈಲಾಸ ಮಾನಸಸರೋವರಕ್ಕೆ ಲಿಪುಲೇಖ್ ಕಡೆಯಿಂದ ಹೋಗುವ ದಾರಿಯಲ್ಲಿ, ಮೂರು ಸಾವಿರ ಮೀಟರಿಗೂ ಮೇಲೆ ಇನ್ನೊಂದು ಗುಂಜಿ ಇದೆ. ಆಡಿದ ಮೂವರಲ್ಲಿ ಒಬ್ಬರಾದ ಶಹಾಪುರದ ಮಾಮಾ ಕೈಲಾಸ ಯಾತ್ರೆಯ ಆಟವೆಂದೇ ಕೈ ತೊಳೆದು ಕೂತು, ಮೊದಲ ಸಾಲಿನಲ್ಲಿ ಲೋಂಡಾ ಕಂಡು ಎದ್ದುಹೋದರು. ಪುಣ್ಯಕ್ಷೇತ್ರದ ಆಸೆ ತೋರಿಸಿ ಜಂಕ್ಷನ್ನು ತೋರಿಸಿದ ಪಾಪ ಕರ್ತೃವಿನ ತಲೆಗೆ.

ಇಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸಬೇಕು. 1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೆಲವರು ಬರೆದ ಆಟದ ಹೆಸರು ‘ಜಾರ್ಕ್’. ಅರ್ಥವೇನು? ಏನೂ ಇಲ್ಲ. ಇನ್ನೂ ಮುಗಿಯದ ಕೆಲಸಕ್ಕೆ ಅಲ್ಲಿಯವರು ಇಡುತ್ತಿದ್ದ ತಾತ್ಕಾಲಿಕ ಹೆಸರು ಅದು. ಮುಗಿದ ಮೇಲೆ ‘ಡಂಜನ್’ ಎಂದು ಬದಲಿಸಿದರು. ಅದು ನಮ್ಮ ಹಕ್ಕಿನ ಹೆಸರು ಎಂದು ಬೇರೊಂದು ಆಟದ ಕಂಪನಿ ತಕರಾರು ತೆಗೆಯಿತು. ಮತ್ತೆ ಜಾರ್ಕ್ ಆಯಿತು. ನಮ್ಮಲ್ಲೂ ಮಗುವನ್ನು ಕೆಟ್ಟ ಕಣ್ಣು ಬೀಳದಿರಲೆಂದು ತಿಪ್ಪ, ಗುಂಡ ಎಂದು ಕರೆದು, ಶಾಲೆಗೆ ಹಚ್ಚುವಾಗ ಘನವಾದ ಹೆಸರು ಬರೆಸಿ, ಕಡೆಗೆ ಊರೆಲ್ಲ ಗುಂಡನೆಂದೇ ಕರೆಯುವುದುಂಟು. ಕರ್ತೃವಿನ ಕಡತದ ತಾತ್ಕಾಲಿಕ ಹೆಸರು ‘ಹೊಸದು2’ ಎಂದಿತ್ತು. ಅದನ್ನೇ ಉಳಿಸಬೇಕೆಂದು ವ್ಯಾಖ್ಯಾನಕಾರ ವಾದಿಸಿದ. ಹೊಸದು1 ಎಲ್ಲಿ ಎಂದು ಯಾರಾದರೂ ಕೇಳಿದರೆ ಕಷ್ಟವೆಂದು ಕೈಬಿಟ್ಟರು. ‘ಕ್ರಾಸಿಂಗ್’ ನಿಂತಿತು. ಇದು ಇಂಗ್ಲಿಷ್ ಪದ ಎಂಬ ಆಕ್ಷೇಪಕ್ಕೆ ಉತ್ತರವಿಷ್ಟೆ: ಗಾಡಿಯೊಳಗೆ ಕೂತು ಹಸಿದವನಿಗೆ ಬೇರೆ ಪದ ಗೊತ್ತಿಲ್ಲ.

ಇನ್ನು ಊರುಗಳ ಹೆಸರು. 1975ರ ಸುಮಾರಿಗೆ ವಿಲ್ ಕ್ರೌದರ್ ಎಂಬ ಗಣಕಿಗ ಮೊದಲ ಗುಹೆಯಾಟವನ್ನು ಬರೆದಾಗ ಕೆಂಟಕಿಯಲ್ಲಿ ತಾನೇ ಹೊಕ್ಕು ಅಳೆದ ಗುಹೆಯನ್ನು ಅದರೊಳಗೆ ಇಳಿಸಿದ. ಮರುವರ್ಷಗಳಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ. ಇವರಿಬ್ಬರಿಗಿದ್ದ ಸುಖವನ್ನು ಗಮನಿಸಿ. ಕೆಂಟಕಿಯ ಗುಹೆಯ ಮೇಲೆ ಪಕ್ಕದ ರಾಜ್ಯ ದಾವೆ ಹೂಡಿರಲಿಲ್ಲ. ನಮ್ಮ ಕರ್ತೃವಿಗೆ ಆ ಭಾಗ್ಯವಿಲ್ಲ. ಗಾಡಿ ಹೋಗುವ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಶಾಸನದಲ್ಲಿ ವೇಣುಗ್ರಾಮ, ಬ್ರಿಟಿಷರ ಬಾಯಲ್ಲಿ ಬೆಲ್ಗಾಂ, ಮರಾಠಿಗರಿಗೆ ಬೆಳಗಾವ್, 2014ರ ನವೆಂಬರ್ 1ರಿಂದ ಸರ್ಕಾರಿ ಕಾಗದದಲ್ಲಿಯೂ ಬೆಳಗಾವಿ. ಗಡಿ ವಿವಾದದ ಮಹಾಜನ ಆಯೋಗದ ವರದಿ 1967ರದು. ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಗಾರ್ಡ್‌ಸಾಹೇಬ ತೀರ್ಪಿಗೆ ಕಾಯುವಂತಿಲ್ಲ. ಯಾವ ಹೆಸರು ಟೈಪ್ ಮಾಡಿದರೂ “ಆ ಊರಿಗೇ ಹೊಂಟೈತ್ರಿ ಗಾಡಿ” ಎನ್ನುತ್ತಾನೆ. ಇದು ರಾಜಕೀಯ ನಿಲುವಲ್ಲ. ಪ್ರಯಾಣಿಕ ಟಿಕೆಟ್ ತೆಗೆದಿದ್ದಾನೆ, ಅಷ್ಟೆ.

ಗುಂಜಿ ಇರುವ ಖಾನಾಪುರ ತಾಲ್ಲೂಕಿನದೇ ಆದ ಹಲಸಿ ಈ ವಿಚಾರದಲ್ಲಿ ಇನ್ನೂ ಹಳಬ. ಕದಂಬರ ಕಾಲದಲ್ಲಿ ಅದು ಪಲಾಶಿಕಾ. ಪಕಾರ ಹಕಾರವಾಗಿ, ಬಾಲ ಕತ್ತರಿಸಿ, ಈಗ ಹಲಸಿ. ಹಳೆಯ ಹೆಸರು ಟೈಪ್ ಮಾಡಿದವರಿಗೆ ಆಟದಲ್ಲಿ ಐದು ಅಂಕ ಹೆಚ್ಚು. ಈವರೆಗೆ ಆ ಅಂಕ ಪಡೆದವನು ವ್ಯಾಖ್ಯಾನಕಾರ ಒಬ್ಬನೇ, ಅದೂ ಕರ್ತೃ ಊಟಕ್ಕೆ ಎದ್ದಾಗ.

ಆಟದ ಎರಡನೆಯ ಭಾಗ ಬೆಳಗಾವಿ ಪೇಟೆಯಲ್ಲಿ ನಡೆಯಬೇಕಿತ್ತು. ಅಲ್ಲಿ ಕರ್ತೃ ಎಡವಿದ ರೀತಿ ದಾಖಲಾಗಬೇಕು. ಟಿಳಕವಾಡಿಯ ರೈಲ್ವೆ ಗೇಟುಗಳಿಗೆ ಊರವರು ಒಂದನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂದೇ ಹೇಳುವುದು. ಆಟದ ಕೋಣೆಗಳಿಗೆ ಅಂಕಿ ಹಚ್ಚುವ ವಿದ್ಯೆ ಗಣಕಕ್ಕಿಂತ ಮುಂಚೆ ಇಲ್ಲಿತ್ತು ಎಂದು ಕರ್ತೃ ಹಿಗ್ಗಿದ. ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಅದೇ ಟಿಳಕವಾಡಿಯಲ್ಲಿ ಶುಕ್ರವಾರ ಪೇಟೆ, ಮಂಗಳವಾರ ಪೇಟೆಗಳಿವೆ. ಊರೊಳಗೆ ರವಿವಾರ ಪೇಟೆ, ಶನಿವಾರ ಖೂಟ. ‘ಶುಕ್ರವಾರಕ್ಕೆ ಹೋಗು’ ಎಂದು ಟೈಪ್ ಮಾಡಿದರೆ ಗಾರ್ಡ್‌ಸಾಹೇಬ ಜಾಗ ಬದಲಿಸದೆ ಕ್ಯಾಲೆಂಡರ್ ಬದಲಿಸಿದ. ಆಡುವವ ನಾಲ್ಕು ದಿನ ಮುಂದೆ ಹೋದ, ಕುಂದಾ ಹಳಸಿತು. ದೇಶ ಕಾಲಗಳೆರಡೂ ಒಂದೇ ವಸ್ತುವಿನ ಎರಡು ಮುಖ ಎಂದು ಐನ್‌ಸ್ಟೈನ್ ಗಣಿತದಿಂದ ತೋರಿಸಬೇಕಾಯಿತು. ಬೆಳಗಾವಿಯ ರಿಕ್ಷಾದವನು ಅದನ್ನು ಮೀಟರ್ ಹಾಕದೆ ತೋರಿಸುತ್ತಾನೆ.

1924ರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿ ಬಂದಾಗ ಇಲ್ಲಿ ಅಧಿವೇಶನದ ಜಾಗಕ್ಕೆ ವಿಜಯನಗರ ಎಂದೂ, ನೀರಿಗೆ ತೋಡಿದ ಬಾವಿಗೆ ಪಂಪಾ ಸರೋವರ ಎಂದೂ ಹೆಸರಿಟ್ಟರು. ಈಗ ಜನ ಅದನ್ನು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ವಿದ್ವಾಂಸರು ಕೂತು ಇಟ್ಟ ಹೆಸರು ಬಾವಿಗೆ ಬಿದ್ದು, ನೀರು ಸೇದುವವರು ಇಟ್ಟ ಹೆಸರು ಮೇಲೆ ಬಂತು. ಆಟಕ್ಕೆ ಹೆಸರಿಡುವ ಪ್ರತಿಯೊಬ್ಬನೂ ಈ ಬಾವಿಯಲ್ಲಿ ಒಮ್ಮೆ ಇಣುಕಬೇಕು. ರೈಲ್ವೆಯವರು 2022ರಲ್ಲಿ ಗಾರ್ಡ್ ಎಂಬ ಹುದ್ದೆಯ ಹೆಸರನ್ನು ಟ್ರೇನ್ ಮ್ಯಾನೇಜರ್ ಎಂದು ಬದಲಿಸಿದರು. ನಮ್ಮ ಆಟ ಎರಡನ್ನೂ ಒಪ್ಪುತ್ತದೆ, ಆದರೆ ಟ್ರೇನ್ ಮ್ಯಾನೇಜರ್ ಎಂದು ಕರೆದರೆ ಗಾರ್ಡ್‌ಸಾಹೇಬ ಒಂದು ಕ್ಷಣ ಹಿಂದಕ್ಕೆ ತಿರುಗಿ ನೋಡುತ್ತಾನೆ.

ಇನ್ನು ಭಾಷೆಯ ಗರಡಿಮನೆಗೆ ಬರೋಣ. ದಿಕ್ಕುಗಳ ವಿಚಾರ ಕರ್ತೃವಿನ ನಿದ್ದೆ ಕೆಡಿಸಿತ್ತು. ಇಂಗ್ಲಿಷ್ ಆಟಗಳಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಅಕ್ಷರ, ಎನ್, ಎಸ್, ಇ, ಡಬ್ಲ್ಯೂ. ಕನ್ನಡದಲ್ಲಿ ಪೂರ್ವವೂ ಪಕಾರ, ಪಶ್ಚಿಮವೂ ಪಕಾರ. ಒಂದಕ್ಕೊಂದು ಬೆನ್ನು ಹಾಕಿ ನಿಂತ ದಿಕ್ಕುಗಳಿಗೆ ಒಂದೇ ಮೊದಲಕ್ಷರ. ದೀರ್ಘ ಕೊಟ್ಟು ‘ಪೂ’ ಎಂದು ಟೈಪ್ ಮಾಡಿ ಎಂದರೆ, ಅವಸರದಲ್ಲಿ ಕೊಂಬು ಬಿಟ್ಟವರು ಕಾಡಿಗೆ ಹೋಗುವ ಬದಲು ಹಳಿಯ ಮೇಲೆ ಹೋಗಿ ನಿಂತರು. ಮೂರು ರಾತ್ರಿ ಯೋಚಿಸಿದ ಮೇಲೆ ಹಳಗನ್ನಡ ಕೈ ಹಿಡಿಯಿತು: ಮೂಡ, ಪಡು, ತೆಂಕ, ಬಡಗ. ಮೂ, ಪ, ತೆಂ, ಬ. ಒಂದರ ಕಾಲು ಇನ್ನೊಂದಕ್ಕೆ ತಾಗುವುದಿಲ್ಲ! ನಮ್ಮ ಪೂರ್ವಿಕರು ಸಾವಿರ ವರ್ಷ ಮೊದಲೇ ಕೀಲಿಮಣೆಯನ್ನು ಕಂಡಿದ್ದರು ಎಂಬುದಕ್ಕೆ ವ್ಯಾಖ್ಯಾನಕಾರನಿಗೆ ಇದಕ್ಕಿಂತ ಪುರಾವೆ ಬೇಡ. ಹೆಮ್ಮೆಯಿಂದ ಶಹಾಪುರದ ಮಾಮಾಗೆ ತೋರಿಸಿದ್ದಾಯಿತು. ಅವರು ಕನ್ನಡಕ ಏರಿಸಿ ನೋಡಿ, “ಗುಂಜಿಯಾಗ ನಾಕು ದಿಕ್ಕ ಎಲ್ಲಿ ಬಂದ್ವೋ? ಲೋಂಡಾ ಕಡೆ, ಖಾನಾಪುರ ಕಡೆ. ಎರಡ ಅದಾವ” ಎಂದರು. ಈಗ ಆಟದಲ್ಲಿ ಎರಡೇ ಇವೆ.

ಕ್ರೌದರನ ಆಟ ಪ್ರತಿ ಪದದ ಮೊದಲ ಐದು ಅಕ್ಷರಗಳನ್ನು ಮಾತ್ರ ಓದುತ್ತಿತ್ತು. ಆ ಕಾಲದ ಯಂತ್ರದ ಬಡತನ ಅದು. ಕರ್ತೃ ಇದನ್ನು ಬಡತನವೆನ್ನದೆ ಕನ್ನಡಕ್ಕೆ ಬಂದ ವರವೆಂದು ಸಾಧಿಸುತ್ತಾನೆ, ಮತ್ತು ಇಲ್ಲಿ ವ್ಯಾಖ್ಯಾನಕಾರನೂ ತಲೆದೂಗುತ್ತಾನೆ. ನಮ್ಮ ವಿಭಕ್ತಿಗಳೆಲ್ಲ ಪದದ ಬಾಲಕ್ಕೆ ಜೋತುಬಿದ್ದಿರುತ್ತವೆ. ಕಂದೀಲನ್ನು, ಕಂದೀಲಿನಿಂದ, ಕಂದೀಲಿಗೆ, ಕಂದೀಲಿನಾಗ. ಕೇಶಿರಾಜ ಇವಕ್ಕೆಲ್ಲ ಒಂದೊಂದಾಗಿ ಲಕ್ಷಣ ಹೇಳಬೇಕಾಯಿತು. ಯೂನಿಕೋಡ್ ಲೆಕ್ಕದಲ್ಲಿ ಕ, ಸೊನ್ನೆ, ದ, ಈಕಾರದ ಗುಣಿತ, ಲ ಸೇರಿ ಕಂದೀಲಕ್ಕೆ ಸರಿಯಾಗಿ ಐದು. ಐದರ ಮೇಲೆ ಕೊಡಲಿ ಹಾಕಿದರೆ ವಿಭಕ್ತಿಯೆಲ್ಲ ಉದುರಿ ಕಂದೀಲು ಬೆಳಕಿನೊಂದಿಗೆ ಉಳಿಯುತ್ತದೆ. ಗುಂಜಿಗೂ ಐದು. ಲೋಂಡಾಕ್ಕೂ ಐದು. ನಂದಗಡಕ್ಕೂ ಐದು. ಇದು ಕಾಕತಾಳೀಯವೇ? ಹೌದು. ಆದರೆ ಪ್ರಬಂಧದಲ್ಲಿ ಹಾಗೆ ಒಪ್ಪಿಕೊಳ್ಳುವುದು ವಾಡಿಕೆಯಲ್ಲ.

ಮೊದಲು ಕರ್ತೃ ಜಿಪುಣತನದಿಂದ ನಾಲ್ಕಕ್ಕೇ ಕತ್ತರಿಸಿದ್ದ. ಖಾನಾಪುರವೂ ಖಾನಾವಳಿಯೂ ಆಗ ಒಂದೇ ಆದವು. ಖಾನಾಪುರಕ್ಕೆ ಹೊರಟವರೆಲ್ಲ ಜೋಳದ ಭಕ್ಕರಿಯ ಮುಂದೆ ಹೋಗಿ ಕೂತರು. ಆಟದ ಇತಿಹಾಸದಲ್ಲಿ ಆಡಿದವರು ದೂರದೆ ಒಪ್ಪಿಕೊಂಡ ದೋಷ ಇದೊಂದೇ.

ಭಕ್ಕರಿ ಎಂದಾಗ ಗಡಿಯ ನೆನಪಾಯಿತು. ಗುಂಜಿಯ ಮನೆಮಾತು ಬಹುತೇಕ ಮರಾಠಿ. ಚಾ, ಕಂದೀಲ, ಚಾದರ ಎಲ್ಲ ಎರಡೂ ಭಾಷೆಗೆ ಸೇರಿದವು. ಕರ್ತೃ ಆಟದ ಸಾಮಾನುಗಳನ್ನು ಆರಿಸಿದ್ದೇ ಈ ಉಪಾಯದಿಂದ. ಉಪಾಯ ಕೆಟ್ಟದ್ದು ‘ತಾಯಿ’ ಎಂಬಲ್ಲಿ. ನಮಗೆ ತಾಯಿ ಹಡೆದವಳು, ಮರಾಠಿಯ ತಾಈ ಅಕ್ಕ. ‘ತಾಯಿಗೆ ಚಾ ಕೊಡು’ ಎಂದರೆ ಒಂದು ಆವೃತ್ತಿಯಲ್ಲಿ ಚಾ ಪಕ್ಕದ ಸೀಟಿನ ಅಕ್ಕನಿಗೆ ಹೋಗಿ ಅಮ್ಮ ನೋಡುತ್ತಾ ಕೂತಳು. ಊರ ದೇವತೆ ಮಾವುಲಿ. ಆ ಮಾತಿಗೂ ಮರಾಠಿಯಲ್ಲಿ ತಾಯಿ ಎಂದೇ ಅರ್ಥ. ದೇವರಿಗೂ ಇಲ್ಲಿ ಹೆಸರಿಡದೆ ನಂಟು ಹೇಳಿ ಕರೆದಿದ್ದಾರೆ. ಈ ಮಾತನ್ನು ಓದುಗರು ಸೆರಗಿಗೆ ಕಟ್ಟಿಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಕನ್ನಡದ ದೇಸಿ ಬೇರೆಬೇರೆಯಾದ್ದರಿಂದ ಅದರ ದೋಷಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬರುತ್ತದೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೇಳಿದೆ. ತಿರುಳ್ಗನ್ನಡದ ನಾಡಿಗೆ ಅದು ಹೇಳುವ ನಾಲ್ಕು ಗಡಿಯೂರುಗಳಲ್ಲಿ ಒಂದಾದ ಒಕ್ಕುಂದ ಇದೇ ಬೆಳಗಾವಿ ಜಿಲ್ಲೆಯದು. ವಾಸುಕಿ ಒಕ್ಕುಂದದಿಂದ ಪಶ್ಚಿಮಕ್ಕೆ ಗುಂಜಿಯವರೆಗೆ ಬಂದಿದ್ದರೆ ನಾಲಗೆ ಇನ್ನೊಂದಷ್ಟು ಬೇಡುತ್ತಿತ್ತು.

ಕತ್ತಲೆಯ ಅಧ್ಯಾಯವನ್ನು ಬೇಗ ಮುಗಿಸುತ್ತೇನೆ. ಜಾರ್ಕ್‌ನ ಕತ್ತಲಲ್ಲಿ ‘ಗ್ರೂ’ ಎಂಬ ಪ್ರಾಣಿ ಮನುಷ್ಯರನ್ನು ತಿನ್ನುತ್ತದೆ. ಖಾನಾಪುರದ ಕಾಡಿನವರಿಗೆ ಪ್ರಾಣಿಯನ್ನು ಕಲ್ಪಿಸಿಕೊಳ್ಳುವ ಅಗತ್ಯವಿಲ್ಲ, ಕರಡಿ ಇದೆ. ಗುಹೆ ಬೇಕಿದ್ದರೆ ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಇದೆ. ಗುಂಜಿಯಿಂದ ಅದು ನಡೆದು ತಲುಪುವಷ್ಟು ಹತ್ತಿರವಲ್ಲ. ಕರ್ತೃ ಮೂರು ಸಾಲಿನಲ್ಲಿ ತಲುಪಿಸಿದ್ದಾನೆ, ವ್ಯಾಖ್ಯಾನಕಾರ ಮುಖ ತಿರುಗಿಸಿದ್ದಾನೆ. ಆ ಗುಹೆಯ ಬಾವಲಿಗೆ 1913ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್, ಮುಂಬಯಿ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ರೌಟನ್ನನ ಹೆಸರಿಟ್ಟ. ಬಹಳ ಕಾಲ ಆ ಜಾತಿ ಜಗತ್ತಿನಲ್ಲಿ ಈ ಒಂದು ಕಡೆ ಮಾತ್ರ ಗೊತ್ತಿತ್ತು. ಆಟದಲ್ಲಿ ‘ರೌಟನ್’ ಎಂದು ಕೂಗಿ ನೋಡಿ, ಬಾವಲಿ ಅಲ್ಲಾಡುವುದಿಲ್ಲ.

ಎರಡನೆಯ ಸೂತ್ರ: ತಿಳಿಯದ ಮಾತಿಗೂ ಮರ್ಯಾದೆಯ ಉತ್ತರವಿರಬೇಕು.

ವೃತ್ತಿ: ಅಕ್ಷರದಾಟದಲ್ಲಿ ಆಡುವವರು ಅತಿ ಹೆಚ್ಚು ಸಲ ಓದುವ ವಾಕ್ಯ ‘ತಿಳೀಲಿಲ್ಲ’ ಎಂಬುದೇ. ಆದ್ದರಿಂದ ಕವಿತ್ವವನ್ನು ಅಲ್ಲಿಯೇ ಸುರಿಯಬೇಕು. ಕರ್ತೃ ಈ ವಾಕ್ಯದ ಶೋಧದಲ್ಲಿ ಒಂದು ಕಚೇರಿಯ ಕಿಟಕಿಯ ಮುಂದೆ, ಜಮೀನಿನ ಉತಾರದ ಪ್ರತಿಗಾಗಿ, ಹನ್ನೊಂದು ದಿನ ಕ್ಷೇತ್ರಕಾರ್ಯ ನಡೆಸಿದ. ಅಲ್ಲಿ ಸಂಗ್ರಹವಾದ ಪಾಠಾಂತರಗಳು ಇಂತಿವೆ. “ನಾಳೆ ಬರ್ರಿ.” “ಅವರು ಊಟಕ್ಕ ಹೋಗ್ಯಾರ್ರಿ.” “ಇದು ಈ ಕಿಟಕಿ ಅಲ್ರಿ.” ಇವೆಲ್ಲವನ್ನೂ ಆಟಕ್ಕೆ ಹಾಕಲಾಗಿದೆ. ಮೂರರಲ್ಲೂ ನಿರಾಕರಣೆ ಸಂಪೂರ್ಣ, ಮರ್ಯಾದೆಯೂ ಸಂಪೂರ್ಣ. ಅದಕ್ಕೆ ಕಾರಣವಾದ ಒಂದಕ್ಷರವನ್ನು ಓದುಗರು ಆಗಲೇ ಹಿಡಿದಿರಬೇಕು.

ಅದು ‘ರಿ’. ಕ್ರೌದರ್ ಮತ್ತು ವುಡ್ಸರ ಗುಹೆಯಲ್ಲಿ ‘ಎಕ್ಸ್ ವೈ ಝೆಡ್ ಝೆಡ್ ವೈ’ ಎಂಬ ಮಂತ್ರಪದವಿದೆ. ಟೈಪ್ ಮಾಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತೀರಿ. ಅರ್ಥವಿಲ್ಲದ್ದು, ಉಚ್ಚಾರಕ್ಕೂ ಕಷ್ಟ. ನಮ್ಮ ಕಡೆಯ ಮಂತ್ರ ಒಂದೇ ಅಕ್ಷರ. ಇಂಗ್ಲಿಷ್ ಆಟಗಳೆಲ್ಲ ಆಳಿಗೆ ಹೇಳಿದಂತೆ ಆಜ್ಞೆ ಕೇಳುತ್ತವೆ, ತಗೋ, ಇಡು, ತೆರೆ. ಬೆಳಗಾವಿಯಲ್ಲಿ ಹಾಗೆ ಹೇಳಿದರೆ ಯಾವ ಬಾಗಿಲೂ ತೆರೆಯುವುದಿಲ್ಲ. ‘ಬಾಗಿಲಾ ತಗಿ’ ಎಂದರೆ ಗಾರ್ಡ್‌ಸಾಹೇಬ “ಯಾರಿಗೆ ಹೇಳಿದ್ರಿ?” ಎಂದು ಕೇಳುತ್ತಾನೆ. ‘ಬಾಗಿಲಾ ತಗೀರಿ’ ಎಂದರೆ ತೆಗೆಯುತ್ತಾನೆ. ಆಟದ ಆರು ಒಗಟುಗಳಲ್ಲಿ ನಾಲ್ಕಕ್ಕೆ ಉತ್ತರ ಇಷ್ಟೇ. ಬೆಂಗಳೂರು ಕಡೆಯ ಒಬ್ಬ ಬ್ರಹ್ಮಚಾರಿ ಮಿತ್ರ, ಆಡಿದ ಮೂವರಲ್ಲಿ ಎರಡನೆಯವನು, ಇದನ್ನರಿಯದೆ ಗುಂಜಿಯ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಂಟೆ ಕುಂದಾ ತಿನ್ನುತ್ತಾ ಕಳೆದ.

ಕೊನೆಯ ಒಗಟು ಮಾತ್ರ ಬೇರೆ. ಇದರ ಮೂಲ ಕೆಂಟಕಿಯಲ್ಲೂ ಇಲ್ಲ, ಎಂಐಟಿಯಲ್ಲೂ ಇಲ್ಲ. ಮದುವೆ ಮನೆಯ ಹೊಸ್ತಿಲಲ್ಲಿದೆ. ಮದುಮಗಳು ಒಳಗೆ ಬರುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳು ಎನ್ನುತ್ತಾರೆ. ಅವಳು ಬರೀ ಹೆಸರು ಹೇಳುವಂತಿಲ್ಲ, ಒಡಪು ಕಟ್ಟಿ ಅದರೊಳಗೆ ಹೆಸರು ಸುತ್ತಿ ಹೇಳಬೇಕು. ಗಡಿಯಾಚೆ ಇದಕ್ಕೆ ಉಖಾಣೆ ಎನ್ನುತ್ತಾರೆ. ಮುಚ್ಚಿದ ಬಾಗಿಲು, ಗುಪ್ತಪದ, ತಪ್ಪಿದರೆ ಮತ್ತೊಮ್ಮೆ ಹೇಳುವ ಅವಕಾಶ, ಸುತ್ತ ನಿಂತು ನಗುವ ಜನ. ಅಕ್ಷರದಾಟಕ್ಕೆ ಬೇಕಾದ ಎಲ್ಲ ಅಂಗಗಳೂ ಇಲ್ಲಿವೆ, ವಿದ್ಯುತ್ತೊಂದನ್ನು ಬಿಟ್ಟು. ಕರ್ತೃ ಆಟಕ್ಕೆಂದು ಹೊಸೆದ ಮಾದರಿ ಹೀಗಿದೆ:

ಖಾನಾಪುರದ ಹಂಚು ಬಿಸಿಲಿಗೆ ಕೆಂಪ,
ಕಣಕುಂಬಿ ನೀರು ಬ್ಯಾಸಗ್ಯಾಗೂ ತಂಪ,
ರಾಯರ ಹೆಸರ ಹೇಳತೀನಿ ಬಾಗಿಲಾ ತಗೀರಿ,
ನಿಂತ ನಿಂತ ನನಗ ಹತ್ತೇತಿ ಜೊಂಪ.

ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಾದ್ದರಿಂದ ಎರಡನೆಯ ಸಾಲು ಭೌಗೋಳಿಕವಾಗಿ ನಿರ್ದುಷ್ಟ. ನಾಲ್ಕನೆಯದು ಆಡುವವರ ಸ್ಥಿತಿಗೆ ನಿರ್ದುಷ್ಟ.

ಆಟದಲ್ಲಿ ಗಾಡಿ ಶಿಳ್ಳೆ ಹಾಕುವ ಹೊತ್ತಿಗೆ ಡಬ್ಬಿಯ ಬಾಗಿಲು ಮುಚ್ಚಿರುತ್ತದೆ. ಗಾರ್ಡ್‌ಸಾಹೇಬ ಕೇಳುತ್ತಾನೆ: “ಯಾರ ಪೈಕಿ ನೀವು? ಮನಿಯವರ ಹೆಸರ ಹೇಳ್ರಿ.” ಯಾವುದಾದರೂ ಒಂದು ಹೆಸರು ಟೈಪ್ ಮಾಡಿದರೆ ಮೊದಲು ಬಾಗಿಲು ತೆರೆಯುತ್ತಿತ್ತು. ಕರ್ತೃ ಇದನ್ನು ಎಲ್ಲಕ್ಕಿಂತ ಸುಲಭದ ಒಗಟು ಎಂದು ತಿಳಿದಿದ್ದ.

ಮೂರನೆಯ ಆಟಗಾರ್ತಿ ಖಾನಾಪುರದ ಅತ್ತಿ. ವಯಸ್ಸು ಎಪ್ಪತ್ತು ದಾಟಿದೆ, ಮೊಬೈಲಿನಲ್ಲಿ ಕನ್ನಡ ಟೈಪಿಸಲು ಮೊಮ್ಮಗಳು ಕಲಿಸಿದ್ದಾಳೆ. ಎಲ್ಲ ಆಜ್ಞೆಗೂ ತಾನಾಗಿ ‘ರಿ’ ಸೇರಿಸುತ್ತಾ ಹೋದದ್ದರಿಂದ ಬ್ರಹ್ಮಚಾರಿಗೆ ಎರಡು ಗಂಟೆ ಹಿಡಿದದ್ದನ್ನು ಹತ್ತು ನಿಮಿಷದಲ್ಲಿ ಮುಗಿಸಿ ಕೊನೆಯ ಬಾಗಿಲಿಗೆ ಬಂದಳು. ಅಲ್ಲಿ ನಿಂತಳು. ಪರದೆ ನೋಡಿದಳು, ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಮಾವನನ್ನು ನೋಡಿದಳು, ಮತ್ತೆ ಪರದೆ ನೋಡಿದಳು. ಐವತ್ತು ವರ್ಷ ‘ರೀ’ ಎಂದೇ ಕರೆದ ಬಾಯಿ. ಬೆರಳಿಗೂ ಅದೇ ನಿಯಮ ಎಂಬುದು ಕರ್ತೃವಿಗೆ ಆ ತನಕ ಹೊಳೆದಿರಲಿಲ್ಲ. ‘ನಮ್ಮ ಮನಿಯವರು’ ಎಂದು ಟೈಪ್ ಮಾಡಿದಳು.

“ಇದು ಈ ಕಿಟಕಿ ಅಲ್ರಿ” ಎಂದ ಗಾರ್ಡ್‌ಸಾಹೇಬ.

‘ಇವರು’ ಎಂದಳು. “ನಾಳೆ ಬರ್ರಿ.”

“ತಮ್ಮಾ, ಇವಂಗೇನು ಹೆಂಡತಿ ಇಲ್ಲೇನೋ?” ಎಂದು ಕೇಳಿ, ಮೊಬೈಲು ಕೈಗಿಟ್ಟು, ಚಾಕ್ಕೆ ನೀರಿಡಲು ಎದ್ದುಹೋದಳು. ಆಟದಲ್ಲಿ ಗಾಡಿ ಬಿಟ್ಟಿತು.

ಅಂದು ರಾತ್ರಿಯೇ ಕರ್ತೃ ಗಾರ್ಡ್‌ಸಾಹೇಬನ ಪದಕೋಶಕ್ಕೆ ‘ನಮ್ಮ ಮನಿಯವರು’, ‘ಇವರು’, ‘ರೀ’ ಮೂರನ್ನೂ ಸೇರಿಸಿದ. ಐದಕ್ಷರದ ಕೊಡಲಿ ಇವುಗಳ ಮೇಲೆ ಬೀಳದಂತೆ ಬೇರೆ ಕಟ್ಟು ಮಾಡಿದ. ಬರೀ ಹೆಸರು ಟೈಪ್ ಮಾಡಿದವರಿಗೆ ಈಗ ಬಾಗಿಲು ತೆರೆಯುವುದಿಲ್ಲ. ವ್ಯಾಖ್ಯಾನಕಾರನ ಆಕ್ಷೇಪ ಒಂದೇ ಉಳಿದಿದೆ: ಬ್ರಹ್ಮಚಾರಿ ಮಿತ್ರ ಮೊನ್ನೆ ಮತ್ತೆ ಆಡಿ, ‘ನಮ್ಮ ಮನಿಯವರು’ ಎಂದು ಟೈಪ್ ಮಾಡಿ ಒಳಗೆ ಹೋಗಿ ಕೂತಿದ್ದಾನೆ.